ನಿಮ್ಮ ಸಾಲಿನ ಮೇಲೆ ನನ್ನ ಸಾಲು

ಕಾಕಾ, ನಿಮ್ಮ ಮೇಲೆ ಸಿಟ್ಟು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಬ್ಬಿಗೇರಿಯ ಶಾಂತವ್ವ ಇವತ್ತೂ ಗಜೇಂದ್ರಗಡದ ನಮ್ಮ ಕೇಬಲ್ ಆಫೀಸಿಗೆ ಬಂದಿದ್ದಳು. "ಏನವಾ, ನಿಮ್ಮ ಕಾಕಾ ಸತ್ತ ಮ್ಯಾಲೂ ಹಟಾ ಬಿಟ್ಟಿಲ್ಲೇನು?" ಎಂದಳು. ಅವಳ ಮನೆಯ ಇಂಟರ್‌ನೆಟ್ ಬಂದ್ ಮಾಡಿದವರು ನೀವು, ಬೈಸಿಕೊಳ್ಳುವವಳು ನಾನು.

ನೆನಪಿದೆಯೇ? ಅವಳ ಮೊಮ್ಮಗ ಹಗಲೆಲ್ಲ ಸಿನಿಮಾ ಇಳಿಸಿಕೊಂಡು ಇಡೀ ಓಣಿಗೆ ನೆಟ್ ಇಲ್ಲದಂತೆ ಮಾಡಿದ್ದ. ನೀವು ಆಫೀಸಿನ ರೂಟರಿನಲ್ಲಿ, ಯಾರನ್ನು ಬಿಡಬೇಕು ಯಾರನ್ನು ತಡೆಯಬೇಕು ಎಂಬ ಪಟ್ಟಿಯಲ್ಲಿ, ಒಂದೇ ಸಾಲು ಬರೆದಿರಿ: ಈ ಮನೆಯಿಂದ ಏನೇ ಬಂದರೂ ಬಿಡಬೇಡ. ಅದು ಸಾದಾ ಪಟ್ಟಿ, ಎಲ್ಲಿಂದ ಬಂತು ಎಂದಷ್ಟೇ ನೋಡುತ್ತದೆ. ದೊಡ್ಡ ಪಟ್ಟಿಯಾದರೆ ಎಲ್ಲಿಗೆ ಹೊರಟಿದೆ, ಯಾವ ಕೆಲಸಕ್ಕೆ ಎಂದೂ ಕೇಳುತ್ತದೆ. ಐದನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಇದನ್ನೆಲ್ಲ ಕಲಿಸಿದವರು ನೀವೇ ಅಲ್ಲವೇ? "ದೊಡ್ಡದು ಬರೀರಿ, ಕಾಕಾ" ಎಂದು ಮೆಲ್ಲಗೆ ಹೇಳಿದ್ದೆ. "ಅಷ್ಟೆಲ್ಲಾ ವಿಚಾರಣಿ ಮಾಡಾಕ ನಾವೇನ್ ಪೊಲೀಸರೇನವಾ? ನಾಕ ದಿನಾ ಬಿಟ್ಟು ತಗದ್ರಾತು" ಎಂದು ನಕ್ಕಿರಿ. ಅಷ್ಟರಲ್ಲಿ ನೀವೇ...

ಸೊಲ್ಲಾಪುರದಲ್ಲಿರುವ ಅವಳ ಮಗಳಿಗೆ ಕಿವಿಯೂ ಕೇಳದು, ಮಾತೂ ಬಾರದು. ತಾಯಿ ಮಗಳು ವಿಡಿಯೋ ಕಾಲ್‌ನಲ್ಲಿ ಕೈಸನ್ನೆ ಮಾಡಿಯೇ ಮಾತಾಡಬೇಕು. ಆ ಓಣಿಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಆಫೀಸಿನಿಂದ ಮಾಡು ಎಂದರೆ, "ಮಂದಿ ಮುಂದ ಮನಿ ಮಾತ ಆಡ್ಲೇನು?" ಎನ್ನುತ್ತಾಳೆ.

ಕಡೆಗೆ ಇವತ್ತು ನಾನೇ ದೊಡ್ಡ ಪಟ್ಟಿ ಬರೆದೆ. ಮೊದಲು ನಿಮ್ಮ ಸಾಲು. ಹಿರಿಯರ ಸಾಲಿನ ಮೇಲೆ ನನ್ನದನ್ನು ಹೇಗೆ ಇಡಲಿ? ಅದರ ಕೆಳಗೆ ಬರೆದೆ: ಈ ಮನೆಯಿಂದ ವಿಡಿಯೋ ಕಾಲ್‌ಗೆ ಹೊರಟದ್ದನ್ನು ಬಿಡು. ಅವಳ ಜೊತೆ ಬಸ್ ಹತ್ತಿ ಅಬ್ಬಿಗೇರಿಗೆ ಹೋಗಿ ನೋಡಿದರೆ ಕಾಲ್ ಹೋಗಲೇ ಇಲ್ಲ! ತಲೆ ಕೆಟ್ಟುಹೋಯಿತು. ಆಮೇಲೆ ಹೊಳೆಯಿತು: ರೂಟರ್ ಪಟ್ಟಿಯನ್ನು ಮೇಲಿನಿಂದ ಓದುತ್ತದೆ, ಹೊಂದುವ ಸಾಲು ಸಿಕ್ಕರೆ ಅಲ್ಲೇ ನಿಲ್ಲುತ್ತದೆ ಎಂದು ನೀವೇ ಹೇಳಿದ್ದಿರಲ್ಲ? ನಿಮ್ಮ ಮಾತಿಗೇ ನಿಂತು ನನ್ನದನ್ನು ಕೇಳಲೇ ಇಲ್ಲ, ಥೇಟ್ ನಿಮ್ಮ ಹಾಗೆ.

ಆಫೀಸಿನಲ್ಲಿದ್ದ ತಮ್ಮನಿಗೆ ಫೋನ್ ಮಾಡಲು ಬಸ್ ಸ್ಟ್ಯಾಂಡಿನ ತನಕ ನಡೆದೆ. ಅವನು ನನ್ನ ಸಾಲನ್ನು ನಿಮ್ಮದರ ಮೇಲಿಟ್ಟ.

ಮರಳಿ ಬಂದು ಕಾಲ್ ಮಾಡಿದರೆ ಈ ಸಲ ಮಗಳ ಮುಖ ಬಂತು. ಬಂದವಳೇ ಎರಡೂ ಕೈಯಲ್ಲಿ ತಾಯಿಯನ್ನು ಬೈಯತೊಡಗಿದಳು. "ನೋಡವಾ, ಎಷ್ಟ್ ಚಲೋ ಬೈತಾಳ!" ಎಂದು ಶಾಂತವ್ವ ಕಣ್ಣೊರೆಸಿಕೊಂಡಳು. ಆಮೇಲೆ ನಿಮ್ಮ ಹಾಗೆ ಮೀಸೆ ತಿರುವಿ ತೋರಿಸಿ, ನೀವು ಹೋದಿರೆಂದು ಕೈ ಮೇಲೆತ್ತಿದಳು. ಮಗಳ ಕೈಗಳು ಹಾಗೇ ನಿಂತವು.

ನಿಮ್ಮ ಸಾಲು ಅಳಿಸಿಲ್ಲ, ಕಾಕಾ. ಕೆಳಗಿದೆ. ಮೊಮ್ಮಗನಿಗೆ ಸಿನಿಮಾ ಇನ್ನೂ ಬಂದ್.