ಕಿಟಕಿಯಿಲ್ಲದ ದಪ್ಪ ತುಂಡು

ಆಫೀಸಿನ ಮಾಡೆಲ್ ಕೋಣೆಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಸೊಂಟನೋವು ಹೇಗಿದೆ? ವಾರ್ಡಿನಲ್ಲಿ ಓಡಾಡುವಾಗ ಆ ಬೆಲ್ಟು ಕಟ್ಟಿಕೊಳ್ಳುತ್ತೀಯೋ, ಬೀರುವಿನಲ್ಲಿ ಮಡಿಸಿಟ್ಟಿದ್ದೀಯೋ? ರೋಗಿಗಳಿಗೆ ಬುದ್ಧಿ ಹೇಳುವ ನರ್ಸಮ್ಮ ತನ್ನ ವಿಷಯಕ್ಕೆ ಬಂದರೆ ಕಿವುಡಿ ಎಂದು ಭಾವ ಗೊಣಗುತ್ತಿದ್ದರು. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಪೆನ್ನು ಓಡುತ್ತಿಲ್ಲ. ಫೋನಿನಲ್ಲಿ ಹೇಳಲು ಹೋದರೆ ಅತ್ತುಬಿಡುತ್ತೇನೆ, ಅದಕ್ಕೇ ಈ ಕಾಗದ.

ನಮ್ಮ ಆಫೀಸಿಗೆ ಹೊಸ ಆಸ್ಪತ್ರೆಯ ವಿನ್ಯಾಸದ ಕೆಲಸ ಸಿಕ್ಕಿದೆ ಎಂದು ಕುಣಿದಾಡಿದ್ದೆನಲ್ಲ, ಅದೇ ಈಗ ಕುತ್ತಿಗೆಗೆ ಬಂದಿದೆ. ನಕ್ಷೆ ಹಾಕುವ ಮೊದಲು ನಾವು ಮಾಸ್ ಮಾಡೆಲ್ ಮಾಡುತ್ತೇವೆ. ಕಿಟಕಿ, ಬಾಗಿಲು ಏನೂ ಇರುವುದಿಲ್ಲ. ಕಟ್ಟಡದ ಗಾತ್ರ, ಆಕಾರ ಅಷ್ಟೇ. ನೀನು ಗೊಂಬೆಮನೆ ಎಂದು ನಗುವುದು ಇವನ್ನೇ. ಥರ್ಮಾಕೋಲ್ ಕೊಯ್ದು ಮೂರು ಮಾಡಿದೆ. ಒಂದು ಉದ್ದಕ್ಕೆ, ತೆಳ್ಳಗೆ, ನಡುನಡುವೆ ಅಂಗಳ. ಅದರ ಮೇಲೆ ಜೀವವನ್ನೇ ಇಟ್ಟಿದ್ದೆ. ಇನ್ನೊಂದು ಅದರ ತಂಗಿಯಂಥದ್ದು. ಮೂರನೆಯದು ಇಟ್ಟಿಗೆಯ ಹಾಗೆ ದಪ್ಪ ತುಂಡು. ಅದನ್ನು ಬೇಕೆಂದೇ ಕೆಟ್ಟದಾಗಿ ಮಾಡಿದ್ದೆ. ಪಕ್ಕದಲ್ಲೊಂದು ಕುರೂಪಿ ನಿಂತರೆ ನನ್ನ ಚೆಲುವೆ ಎದ್ದು ಕಾಣುತ್ತಾಳೆ ಎಂಬ ಲೆಕ್ಕಾಚಾರ. ನಮ್ಮ ಕಸುಬಿನವರೆಲ್ಲ ಆಡುವ ಆಟ ಇದು.

ಆಸ್ಪತ್ರೆ ಸಮಿತಿಯವರು ಬಂದರು. ಅಧ್ಯಕ್ಷರು ನೇರವಾಗಿ ಆ ದಪ್ಪ ತುಂಡನ್ನೇ ಎತ್ತಿಕೊಂಡು, ಕಲ್ಲಂಗಡಿ ಆರಿಸುವವರ ಹಾಗೆ ತಟ್ಟಿ ನೋಡಿದರು. “ಇದು ನೋಡಿ ಗಟ್ಟಿಮುಟ್ಟಾಗಿದೆ. ಇದೇ ಇರ್ಲಿ.” ಕಟ್ಟಡ ಅಷ್ಟು ದಪ್ಪವಾದರೆ ನಡುವಿನ ವಾರ್ಡುಗಳಿಗೆ ಹೊರಗೋಡೆಯೇ ಸಿಗುವುದಿಲ್ಲ, ಕಿಟಕಿ ಎಲ್ಲಿಂದ ತರಲಿ ಎಂದೆ. “ಒಳಗಡೇದು ಆಮೇಲೆ ನೋಡ್ಕೊಂಡ್ರಾಯ್ತು” ಎಂದರು. ಆಮೇಲೆ ನೋಡಿಕೊಳ್ಳಲು ಏನೂ ಉಳಿದಿರುವುದಿಲ್ಲ ಅಕ್ಕಾ; ಆಕಾರ ಒಪ್ಪಿದ ದಿನವೇ ಒಳಗಿನ ಕತ್ತಲನ್ನೂ ಒಪ್ಪಿದ ಹಾಗೆ. ಆಫೀಸಿನ ಯಜಮಾನರನ್ನು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. “ಮಾಡಿದೋಳು ನೀನೇ ಅಲ್ವೇನಮ್ಮ?” ಎಂದು ಬಾಯಿ ಮುಚ್ಚಿಸಿದರು.

ಅಪ್ಪ ಕೊನೆಗೆ ಮಲಗಿದ್ದ ಆಸ್ಪತ್ರೆಯ ಕೋಣೆ ಕಣ್ಣಿಂದ ಹೋಗುತ್ತಿಲ್ಲ. ಕಿಟಕಿ ಇಲ್ಲ, ಹಗಲೂ ರಾತ್ರಿಯೂ ಅದೇ ಟ್ಯೂಬ್‌ಲೈಟು. ಕಣ್ಣು ಬಿಟ್ಟಾಗಲೆಲ್ಲ “ಬೆಳಗಾಯ್ತೇನಮ್ಮ?” ಎನ್ನುತ್ತಿದ್ದರು. ಹೊರಗೆ ಎಷ್ಟೇ ಹೊತ್ತಾಗಿರಲಿ, “ಈಗ ತಾನೇ ಬೆಳಗಾಯ್ತಪ್ಪಾ” ಎಂದು ನೀನು ಹೇಳುತ್ತಿದ್ದೆ. ಅಷ್ಟಕ್ಕೇ ಅವರ ಮುಖ ಅರಳುತ್ತಿತ್ತು. ಈಗ ಅಂಥ ಕೋಣೆಗಳನ್ನು ಸಾಲಾಗಿ ಕಟ್ಟಿಸಲು ನಾನೇ ಹೊರಟಿದ್ದೇನೆ. ದಿಕ್ಕೇ ತೋಚುತ್ತಿಲ್ಲ.

ಭಾವನವರಿಗೆ ನಮಸ್ಕಾರ, ಮಕ್ಕಳ ಕೆನ್ನೆಗೆ ನನ್ನ ಮುತ್ತು. ಬೆಲ್ಟು ಕಟ್ಟಿಕೋ.

ನಿನ್ನ
ಗೊಂಬೆಮನೆ ಮೇಸ್ತ್ರಿ

ಮರೆತೆ: ಸೋಮವಾರ ಬೆಳಗ್ಗೆ ಸಮಿತಿಯ ಅಂತಿಮ ಒಪ್ಪಿಗೆ. ಆ ದಪ್ಪ ತುಂಡನ್ನು ಈಗಷ್ಟೇ ನಡುವೆ ಕೊಯ್ದು, ಅದರ ಹೊಟ್ಟೆಯೊಳಗೆ ಉಗುರಿನಷ್ಟು ಪುಟ್ಟ ಮಂಚ ಅಂಟಿಸಿದ್ದೇನೆ. ಯಜಮಾನರಿಗೆ ಗೊತ್ತಿಲ್ಲ, ಗೊತ್ತಾದರೆ ಕೆಲಸ ಹೋಗುತ್ತದೆ, ಹೋಗಲಿ. ಆದರೆ ಆ ಮಂಚದ ಮೇಲೆ ಯಾರು ಮಲಗಿರುತ್ತಾರೆಂದು ಸಮಿತಿಯವರಿಗೆ ಹೇಳುವುದು ನನ್ನೊಬ್ಬಳಿಂದ ಆಗದು. ರಜೆ ಹಾಕಿ ಬಾ ಅಕ್ಕಾ. ಬಂದು, ಅಪ್ಪನಿಗೆ ಹೇಳುತ್ತಿದ್ದ ಆ ಸುಳ್ಳನ್ನು ಅವರೆದುರು ಒಂದೇ ಒಂದು ಸಲ ಹೇಳು.