ಚೀಲದ ಮಾಲೀಕನನ್ನು ಕೇಳಿ ಕಟ್ಟಿದ ಬೆಲೆ

ನನ್ನ ಮಗಳು ದೀಪಿಕಾಳ ಸಂತಾಪ ಸಭೆಗೆಂದು ಚಳ್ಳಕೆರೆಯ ಈ ಸಭಾಂಗಣಕ್ಕೆ ಬಂದಿರುವ ಎಲ್ಲರಿಗೂ ವಂದನೆ. ತಂದಿರುವ ಸಂತಾಪವನ್ನು ಮಾತ್ರ ದಯವಿಟ್ಟು ಹಿಂದಕ್ಕೆ ಕೊಂಡೊಯ್ಯಿರಿ. ಅದನ್ನು ಪಡೆಯುವ ಅರ್ಹತೆ ನನಗಿಲ್ಲ. ನಾನೀಗ ಓದುವ ಪತ್ರ, ಅವಳನ್ನು ಪರೀಕ್ಷಿಸಿದ ಆಸ್ಪತ್ರೆಯ ಮನೋವೈದ್ಯ ವಿಭಾಗದ ಮುಖ್ಯಸ್ಥರಿಗೆ.

ಮಾನ್ಯರೇ, ನಿಮ್ಮ ಕಂಪ್ಯೂಟರು ಜ್ಯೋತಿಷಿಗಿಂತ ಕಡೆ. ಜ್ಯೋತಿಷಿಯಾದರೂ ಮಗಳ ಭವಿಷ್ಯ ಹೇಳಲು ಅಪ್ಪನ ಜಾತಕ ಕೇಳುವುದಿಲ್ಲ.

ಮೊಳಕಾಲ್ಮೂರಿನ ನೇಕಾರರಿಗೆ ಸೀರೆಯಂಚಿನ ಚಿತ್ರ ಬರೆದುಕೊಡುತ್ತಿದ್ದ ಹುಡುಗಿ ಎಂಟು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ. ಖಿನ್ನತೆ ಎಂದಿರಿ. ಮಾತ್ರೆಯಿಂದ ಗುಣ ಕಾಣಲಿಲ್ಲ. ಕತ್ತರಿ ಆಡಿಸದೆ, ತಲೆಯ ಬಳಿ ಅಯಸ್ಕಾಂತದ ಸುರುಳಿ ಹಿಡಿದು ಮಿದುಳನ್ನು ಎಚ್ಚರಿಸುವ ಚಿಕಿತ್ಸೆ ನಿಮ್ಮಲ್ಲಿತ್ತು. ಅದು ಯಾರಿಗೆ ಫಲಿಸುತ್ತದೆಂದು ಪ್ರಶ್ನಾವಳಿಯ ಉತ್ತರಗಳಿಂದ ಕಂಪ್ಯೂಟರು ಮೊದಲೇ ಹೇಳುತ್ತದಂತೆ. ಸಂತೋಷ. ಆ ಉತ್ತರಗಳನ್ನು ಕೊಟ್ಟವರು ಯಾರು?

ನಾನು. ಹೊರಗಿನವರ ಮುಂದೆ ಮದುವೆಯಾಗದ ಮಗಳು ಬಾಯಿ ತೆರೆಯುವ ಮೊದಲೇ ಅಪ್ಪ ಉತ್ತರಿಸುವುದು ನಮ್ಮ ಮನೆಯ ಮರ್ಯಾದೆ. ನಿಮ್ಮ ಸಹಾಯಕಿ ಆಶಾ, “ನಿದ್ದೆ ಬರ್ತೈತಾ?” ಎಂದು ಅವಳನ್ನು ಕೇಳಿದರು.

“ಚೆನ್ನಾಗಿ ಮಲಗ್ತಾಳೆ.”

“ಅಳು ಬರ್ತೈತಾ?”

“ನಮ್ಮನೇಲಿ ಯಾರೂ ಅಳಲ್ಲ ಕಣಮ್ಮ.”

ಅಲ್ಲೇ ಇದ್ದ ನನ್ನ ಹೆಂಡತಿ ತಿಪ್ಪೇರುದ್ರಮ್ಮ, “ಅವಳ ಬಾಯಿ ನಿಮ್ಮತ್ರ ಐತೇನ್ರಿ?” ಎಂದಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯನ್ನು ಸುಮ್ಮನಾಗಿಸಿದ ನೋಟವೊಂದು ನನ್ನಲ್ಲಿನ್ನೂ ಉಳಿದಿತ್ತು, ಪ್ರಯೋಗಿಸಿದೆ. ಹಿಂತಿರುಗುವ ಬಸ್ಸಿನಲ್ಲಿ ದೀಪಿಕಾ ಕಿಟಕಿಯ ಕಡೆ ಮುಖಮಾಡಿ, “ಈ ಸಲಾನೂ ಫಸ್ಟ್ ಪ್ರೈಜ್ ನಿಂದೇ ಬಿಡಪ್ಪ” ಎಂದಳು. ನಾನು ನಕ್ಕೆ.

ಫಲಿತಾಂಶ ಬಂತು: ಪ್ರಯೋಜನದ ಸಾಧ್ಯತೆ ಕಡಿಮೆ. ಅವಳ ಹೆಸರು ಚಿಕಿತ್ಸೆಯ ಸರದಿ ಪಟ್ಟಿಯ ಕೊನೆಗೆ ಹೋಯಿತು. ಮೂರನೆಯ ತಿಂಗಳು ಅವಳು ತಾನಾಗಿ ಪ್ರಾಣ ಕಳೆದುಕೊಂಡಳು.

ಚಿಕಿತ್ಸೆ ದೊರೆತಿದ್ದರೆ ಬದುಕುತ್ತಿದ್ದಳೆಂದು ವಾದಿಸಲಾರೆ, ಪುರಾವೆಯಿಲ್ಲ. ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಲೂ ಇಲ್ಲ. ಆದರೆ ನಮ್ಮ ಮಾರುಕಟ್ಟೆಯಲ್ಲಿ ಶೇಂಗಾ ಕೊಳ್ಳುವವನು ಕಾಯಿ ಒಡೆದು, ಬೀಜ ಬಾಯಿಗೆ ಹಾಕಿ ನೋಡಿದ ಮೇಲೆಯೇ ಬೆಲೆ ಹೇಳುತ್ತಾನೆ. “ಮಾಲು ಹೆಂಗೈತೆ?” ಎಂದು ಚೀಲದ ಮಾಲೀಕನನ್ನು ಕೇಳಿ ಅದನ್ನೇ ಬರೆದುಕೊಂಡರೆ ಅವನನ್ನು ಹಮಾಲರೂ ಗೇಲಿ ಮಾಡುತ್ತಾರೆ. ಇಷ್ಟೆಲ್ಲ ಓದಿದ ನಿಮಗೆ, ಅಪ್ಪನನ್ನು ಹೊರಗೆ ಕೂರಿಸಿ ಬಾಗಿಲು ಹಾಕುವುದು ಯಾವ ಶಾಸ್ತ್ರದಲ್ಲಿ ನಿಷಿದ್ಧ?

ನನ್ನ ಬೇಡಿಕೆ ಒಂದೇ. ರೋಗಿಯನ್ನು ಒಬ್ಬಳನ್ನೇ ಕೂರಿಸಿ, ಅವಳದೇ ಮಾತಿನಲ್ಲಿ ಕೇಳಿ; ಉತ್ತರ ಬರುವವರೆಗೆ ಕಾಯಿರಿ. ಅಷ್ಟಾದ ಮೇಲೆ ನಿಮ್ಮ ಕಂಪ್ಯೂಟರು ಏನು ಬೇಕಾದರೂ ನುಡಿಯಲಿ.

ನೀವು ಒಪ್ಪುವವರೆಗೆ ನಾನು ಸುಮ್ಮನಿರುವುದಿಲ್ಲ. ಹೆಂಡತಿಗೂ ತಿಳಿಸದೆ ನಿರ್ಧರಿಸಿದ್ದೇನೆ, ಅವಳೂ ಈಗಲೇ ಕೇಳುತ್ತಿದ್ದಾಳೆ: ಬರುವ ಸೋಮವಾರದಿಂದ ನಿಮ್ಮ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂರುತ್ತೇನೆ. ಮಗಳ ಹಿಂದೆಯೇ ಒಳನುಗ್ಗುವ ಪ್ರತಿಯೊಬ್ಬ ಅಪ್ಪನನ್ನೂ ಪಕ್ಕಕ್ಕೆ ಕೂರಿಸಿಕೊಂಡು, ಅಂದು ನಾನು ಕೊಟ್ಟ ಉತ್ತರಗಳನ್ನು ಒಂದೂ ಬಿಡದೆ ಓದಿ ಹೇಳುತ್ತೇನೆ.

ಇಂತಿ,
ಆ ಒಂದು ಸಲವಾದರೂ ಸೋಲಬೇಕಿದ್ದ
ಮರುಳಪ್ಪ
ಶೇಂಗಾ ವರ್ತಕ, ಚಳ್ಳಕೆರೆ