ಅಜ್ಜಿಯ ಪದಕಕ್ಕೆ ಚಿನ್ನದ ನೀರು

ಮಾರ್ಚ್ ೯, ಭಾನುವಾರ

ಮಂಗನ ಕೈಗೆ ಮಾಣಿಕ್ಯ ಅಂತಾರಲ್ಲ, ಮಂಗ ಆದರೂ ಕಚ್ಚಿ ನೋಡಿ ಬಿಸಾಡುತ್ತಿತ್ತು. ನಮ್ಮಕ್ಕ ಚಿನ್ನದ ನೀರು ಹಾಕಿಸಿಕೊಂಡು ಬಂದಿದ್ದಾಳೆ!

ಅಜ್ಜಿಯ ವಜ್ರದ ಪದಕ. ಹಿಂಬದಿಯೆಲ್ಲ ಚಿನ್ನ, ಮುಂದೆ ಕಲ್ಲು ಕೂರಿಸಿದ ಕಡೆ ಪ್ಲಾಟಿನಂ. ಹಿರಿ ಮೊಮ್ಮಗಳಿಗೇ ಸೇರಬೇಕು ಅಂತ ಅತ್ತು ಕರೆದು ಇಸ್ಕೊಂಡು ಹೋಗಿದ್ದವಳು, ಆ ಬಿಳಿ ಲೋಹವನ್ನು ಬೆಳ್ಳಿ ಅಂದುಕೊಂಡಳಂತೆ. "ನಾಲ್ಕು ಜನರ ಮುಂದೆ ಬೆಳ್ಳಿ ಹಾಕ್ಕೊಂಡು ಹೋಗೋಕೆ ನಾಚಿಕೆ ಆಗಲ್ವೇನೇ?"

ಈಗ ಆ ಹಳದಿ ಕಲ್ಲಿನ ಒಳಗೆಲ್ಲ ಹೊಡೆದು ವಜ್ರ ಮಂಕಾಗಿ ಕಾಣ್ತಿದೆ. ಅದಕ್ಕೂ ಅವಳ ಹತ್ತಿರ ಉತ್ತರ ಇದೆ. "ಕಲ್ಲು ನಕಲಿ ಕಣೇ. ಪಾಪ, ಅಜ್ಜಿಗೆ ಯಾರೋ ಟೋಪಿ ಹಾಕಿದಾರೆ. ಬೇಕಾದ್ರೆ ನೀನೇ ಇಟ್ಕೋ."

ಅದು ಪ್ಲಾಟಿನಂ, ಕಲ್ಲು ಅಸಲಿ ಅಂತ ಹೇಳಿದ್ದರೆ ಮತ್ತೆ ಕಿತ್ತುಕೊಂಡು ಹೋಗುತ್ತಿದ್ದಳು. ಮುಖ ಸಣ್ಣದು ಮಾಡಿಕೊಂಡು ಇಸ್ಕೊಂಡೆ. ಹಳೇ ಬಟ್ಟೆ ದಾನ ಕೊಟ್ಟವಳ ಹಾಗೆ ನನ್ನ ಬೆನ್ನು ಬೇರೆ ತಟ್ಟಿದಳು, ಮಹಾತಾಯಿ.

ನಾಳೆ ಆ ಬಣ್ಣ ತೆಗೆಸಬೇಕು. ಚಿಕ್ಕಪ್ಪನ ಮಗಳ ಮದುವೆಗೆ ಅದನ್ನೇ ಹಾಕಿಕೊಂಡು ಅವಳ ಪಕ್ಕದಲ್ಲೇ ಕೂರುತ್ತೇನೆ. ಈಗಲೇ ಬರೆದಿಡುತ್ತೇನೆ, ಅವಳೇ ಕೇಳುತ್ತಾಳೆ: "ಎಷ್ಟು ಚೆನ್ನಾಗಿದೆಯೇ! ಎಲ್ಲಿ ತಗೊಂಡೆ?"